ಹತ್ತು ಸಲ ಸ್ಕ್ಯಾನ್ ಮಾಡಿದರೆ ಸಾಲದು: ಫ್ಲೋರೆಸೆನ್ಸ್ ಅಳತೆಯ ಅನಿಶ್ಚಿತತೆ ಲೆಕ್ಕ ಹಾಕುವುದು ಹೇಗೆ?

ಫ್ಲೋರೆಸೆನ್ಸ್ ಅಂದರೆ ವಸ್ತು ಬೆಳಕು ಹೀರಿ ಮತ್ತೆ ಬೆಳಕು ಹೊಮ್ಮಿಸುವುದು. ಅದನ್ನು ಅಳೆಯಲು ಕ್ಯುವೆಟ್ (ದ್ರಾವಣ ತುಂಬುವ ಚಿಕ್ಕ ಪಾರದರ್ಶಕ ಪಾತ್ರೆ) ಯಂತ್ರದ ಒಳಗಿಟ್ಟು ಹತ್ತು ಸಲ ಸ್ಕ್ಯಾನ್ ಮಾಡಿ, ರೀಡಿಂಗ್‌ಗಳ ಏರಿಳಿತ ಶೇ 0.5 ಬಂತು ಅಂತ ಅದನ್ನೇ ಉತ್ತರದ ಮುಂದೆ ± ಹಾಕಿ ಬರೆಯುವವರು ತುಂಬ ಜನ. ಅದು ಯಂತ್ರ ಎಷ್ಟು ಸ್ಥಿರವಾಗಿದೆ ಅನ್ನುವುದರ ಲೆಕ್ಕ ಅಷ್ಟೆ.

ಕ್ವಿನೈನ್ ಸಲ್ಫೇಟ್‌ನಂಥ, ಯೀಲ್ಡ್ ಮೊದಲೇ ಗೊತ್ತಿರುವ ಸ್ಟ್ಯಾಂಡರ್ಡ್ ಜೊತೆ ಹೋಲಿಸಿ ಒಂದು ಬಣ್ಣದ ಕ್ವಾಂಟಮ್ ಯೀಲ್ಡ್ ಅಳೆಯುತ್ತಿದ್ದೀರಿ ಅಂದುಕೊಳ್ಳಿ. ಹೀರಿದ ಫೋಟಾನ್‌ಗಳಲ್ಲಿ ಎಷ್ಟು ಪಾಲು ವಾಪಸ್ ಬೆಳಕಾಗಿ ಬಂತು ಅನ್ನುವ ಸಂಖ್ಯೆ ಅದು. ಮೊದಲು ಸೂತ್ರ ಬರೆದುಕೊಳ್ಳಿ. ಹೊರಬಂದ ಬೆಳಕಿನ ಸ್ಪೆಕ್ಟ್ರಮ್ ಕೆಳಗಿನ ಏರಿಯಾ, ಎರಡೂ ದ್ರಾವಣಗಳ ಅಬ್ಸಾರ್ಬೆನ್ಸ್ (ದ್ರಾವಣ ಬೆಳಕನ್ನು ಎಷ್ಟು ಹೀರುತ್ತದೆ ಅನ್ನುವ ಅಳತೆ), ಸ್ಟ್ಯಾಂಡರ್ಡ್‌ನ ಯೀಲ್ಡ್, ದ್ರಾವಕದ ವಕ್ರೀಭವನ ಸೂಚ್ಯಂಕ: ಪ್ರತಿಯೊಂದೂ ತನ್ನ ಪಾಲಿನ ದೋಷ ತರುತ್ತದೆ.

ಏರಿಯಾಗೆ ಕ್ಯುವೆಟ್ ಹೊರತೆಗೆದು, ತೊಳೆದು, ಮತ್ತೆ ತುಂಬಿ ಅಳೆಯಿರಿ. ಐದಾರು ಸಲವಾದರೂ ಬೇಕು. ಸ್ಟ್ಯಾಂಡರ್ಡ್ ಡೀವಿಯೇಶನ್ (ರೀಡಿಂಗ್‌ಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ತೆಗೆದು, ಅಳೆದ ಸಲಗಳ ವರ್ಗಮೂಲದಿಂದ ಭಾಗಿಸಿ. ಫೋಟಾನ್ ಎಣಿಸುವ ಯಂತ್ರವಾದರೆ ಇನ್ನೊಂದು ಮಾತು: 10,000 ಕೌಂಟ್‌ಗೆ ಏರಿಳಿತ ಸುಮಾರು 100, ಅಂದರೆ ಶೇ 1; ಬರೀ 100 ಕೌಂಟ್ ಇದ್ದರೆ ಶೇ 10. ರೀಡಿಂಗ್ ಒಂದೇ ಸಮ ಇಳಿಯುತ್ತಾ ಹೋದರೆ ಅದು ಏರಿಳಿತವಲ್ಲ, ಬಣ್ಣ ಬೆಳಕಿಗೆ ಸುಡುತ್ತಿರಬಹುದು. ಆಗ ಸುಮ್ನೆ ಸರಾಸರಿ ತೆಗೆದು ಪ್ರಯೋಜನವಿಲ್ಲ.

ನಿಜವಾದ ತಲೆನೋವು ಅಬ್ಸಾರ್ಬೆನ್ಸ್. ಜಾಸ್ತಿ ಇದ್ದರೆ ದ್ರಾವಣವೇ ಬೆಳಕನ್ನು ನುಂಗುತ್ತದೆ. ಅಬ್ಸಾರ್ಬೆನ್ಸ್ 0.1 ಇದ್ದರೂ ಕ್ಯುವೆಟ್‌ನ ನಡುವೆ ತಲುಪುವ ಬೆಳಕು ಆಗಲೇ ಶೇ 11ರಷ್ಟು ಕಡಿಮೆ. ಸರಿ, 0.05ಕ್ಕೆ ಇಳಿಸೋಣ ಅಂದರೆ ಯಂತ್ರದ ±0.003 ದೊಡ್ಡದಾಗಿ ಕಾಣುತ್ತದೆ. ಕೈಪಿಡಿ ಹೀಗೆ ಬರೀ ಮಿತಿ ಕೊಟ್ಟಿದ್ದರೆ ಅದನ್ನು 3ರ ವರ್ಗಮೂಲದಿಂದ, ಅಂದರೆ 1.73ರಿಂದ, ಭಾಗಿಸಬೇಕು. 0.0017 ಬರುತ್ತದೆ, 0.05ರಲ್ಲಿ ಅದು ಶೇ 3.5. ಸ್ಯಾಂಪಲ್‌ಗೊಂದು, ಸ್ಟ್ಯಾಂಡರ್ಡ್‌ಗೊಂದು.

ಈಗ ಕೂಡಿಸಿ, ಆದರೆ ನೇರವಾಗಿ ಅಲ್ಲ, ವರ್ಗ ಮಾಡಿ. ಏರಿಯಾ ಅನುಪಾತಕ್ಕೆ ಶೇ 3, ಅಬ್ಸಾರ್ಬೆನ್ಸ್‌ಗಳಿಗೆ ಶೇ 3.5ರಂತೆ ಎರಡು, ಸ್ಟ್ಯಾಂಡರ್ಡ್‌ನ ಯೀಲ್ಡ್‌ಗೆ ಶೇ 4 ಇಟ್ಟುಕೊಳ್ಳೋಣ. 9 + 12.25 + 12.25 + 16 = 49.5, ವರ್ಗಮೂಲ ಶೇ 7. ಸೂಚ್ಯಂಕದ ಪಾಲು ಸಾಮಾನ್ಯವಾಗಿ ಚಿಕ್ಕದು, ಬಿಟ್ಟಿದ್ದೇನೆ. ಸುಮಾರು ಶೇ 95 ಭರವಸೆ ಬೇಕಾದರೆ ಎರಡರಿಂದ ಗುಣಿಸಿ: ಶೇ 14. ಯೀಲ್ಡ್ 0.40 ಬಂದಿದ್ದರೆ 0.40 ± 0.06 ಅಂತ ಬರೆಯಿರಿ, ಗುಣಿಸಿದ್ದು ಎರಡರಿಂದ ಅನ್ನುವುದನ್ನೂ ಪಕ್ಕದಲ್ಲೇ ಹೇಳಿ.

ಮೊದಲಿನ ಆ ಶೇ 0.5 ಇಲ್ಲಿ ಲೆಕ್ಕಕ್ಕೇ ಬರಲಿಲ್ಲ, ಅಲ್ವಾ? ಹಾಗಾಗಿ ಇನ್ನಷ್ಟು ಸ್ಕ್ಯಾನ್ ಮಾಡುವ ಬದಲು ನಾಲ್ಕೈದು ಸಾಂದ್ರತೆಗಳಲ್ಲಿ ಅಳೆದು, ಅಬ್ಸಾರ್ಬೆನ್ಸ್‌ಗೆ ಏರಿಯಾ ಹೇಗೆ ಏರುತ್ತದೆ ಅಂತ ಗೆರೆ ಎಳೆದು, ಅದರ ಇಳಿಜಾರನ್ನು ಬಳಸಿ.