ಕೈಯೆತ್ತಿ ಪ್ರಾರ್ಥಿಸುವುದನ್ನು ನಾನು ರೂಢಿಸಿಕೊಂಡ ಬಗೆ

ಮಂಡ್ಯದಲ್ಲಿ ನಾನು ಬೆಳೆದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಪ್ರಾರ್ಥನೆಯೆಂದರೆ ತಲೆಬಾಗಿ, ಕಣ್ಣುಮುಚ್ಚಿ, ಕೈಮುಗಿದು ನಿಲ್ಲುವುದು ಇಲ್ಲವೇ ಮೊಣಕಾಲೂರುವುದು. ಕೈಯೆತ್ತುತ್ತಿದ್ದವರು ಸಭಾಪಾಲಕರೊಬ್ಬರೇ, ಅದೂ ಆರಾಧನೆಯ ಕೊನೆಗೆ ಆಶೀರ್ವಾದ ನುಡಿಯುವಾಗ ಮಾತ್ರ. ಉಳಿದವರು ಕೈಯೆತ್ತಿದರೆ ಅದು ಪವಿತ್ರಾತ್ಮನ ವರಗಳಿಗೆ ಒತ್ತುಕೊಡುವ ಪೆಂತೆಕೊಸ್ತು ಪಂಗಡದವರ ಪದ್ಧತಿ ಎಂಬ ಭಾವನೆ ನಮ್ಮ ಹಿರಿಯರಲ್ಲಿ ಬಲವಾಗಿತ್ತು.

ಸತ್ಯವೇದವನ್ನು ಕ್ರಮವಾಗಿ ಓದತೊಡಗಿದ ಮೇಲೆ ಇದು ಯಾವುದೇ ಒಂದು ಪಂಗಡದ ಸ್ವತ್ತಲ್ಲ ಎಂಬುದು ನನಗೆ ಮನವರಿಕೆಯಾಯಿತು. ದೇವಾಲಯದ ಪ್ರತಿಷ್ಠೆಯ ದಿನ ಸೊಲೊಮೋನನು ಯಜ್ಞವೇದಿಯ ಮುಂದೆ ನಿಂತು ಆಕಾಶದ ಕಡೆಗೆ ಕೈಚಾಚಿ ಪ್ರಾರ್ಥಿಸಿದನು. ಎಜ್ರನು ಧರ್ಮಶಾಸ್ತ್ರದ ಗ್ರಂಥವನ್ನು ತೆರೆದು ದೇವರನ್ನು ಕೊಂಡಾಡಿದಾಗ ಜನರೆಲ್ಲರೂ ಕೈಯೆತ್ತಿ ಆಮೆನ್ ಎಂದರು. ಸ್ವರ್ಗಾರೋಹಣಕ್ಕೆ ಮುನ್ನ ಯೇಸು ತನ್ನ ಶಿಷ್ಯರನ್ನು ಕೈಯೆತ್ತಿ ಆಶೀರ್ವದಿಸಿದನು. ರೋಮಿನಲ್ಲಿ ಪ್ರಾಚೀನ ಕ್ರೈಸ್ತರನ್ನು ನೆಲದಡಿ ಹೂಳುತ್ತಿದ್ದ ಪ್ರಿಸಿಲ್ಲಾ ನೆಲಸಮಾಧಿಯ ಗೋಡೆಯ ಮೇಲೆ ಮುಸುಕು ಹೊದ್ದ ಸ್ತ್ರೀಯೊಬ್ಬಳು ಎರಡೂ ಕೈಗಳನ್ನು ಎತ್ತಿ ಪ್ರಾರ್ಥಿಸುತ್ತಿರುವ ಚಿತ್ರವಿದೆ. ಅದು ಮೂರನೆಯ ಶತಮಾನದ್ದು. ಪೆಂತೆಕೊಸ್ತು ಪಂಗಡ ಹರಡಲು ಕಾರಣವಾದ, ಅಮೆರಿಕದ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ ಉಜ್ಜೀವನ ಕೂಟಗಳು ಆರಂಭವಾದದ್ದಾದರೋ 1906ರಲ್ಲಿ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನಲ್ಲಿ ಕಥೋಲಿಕರ ಆರಾಧನೆಯಾದ ಬಲಿಪೂಜೆಯಲ್ಲಿ ಇಂದಿಗೂ ಗುರುಗಳು ಕೈಗಳನ್ನು ಅಗಲಿಸಿ ಪ್ರಾರ್ಥಿಸುವುದು ಆ ಪ್ರಾಚೀನ ಭಂಗಿಯ ಮುಂದುವರಿಕೆಯೇ. ಇದರಿಂದ ಕೈಮುಗಿಯುವುದು ಕಡಿಮೆಯೆಂದು ನಾನು ಹೇಳುತ್ತಿಲ್ಲ. ನಮ್ಮ ನಾಡಿನ ಭಕ್ತಿಗೆ ಅದು ಸಹಜವಾದದ್ದು, ನಾನೂ ಅದನ್ನು ಬಿಟ್ಟಿಲ್ಲ.

ನಾನು ಮೊದಲು ಕೈಯೆತ್ತಿದ್ದು ಸಭೆಯಲ್ಲಲ್ಲ, ಮನೆಯಲ್ಲಿ, ಸಂಜೆಯ ಪ್ರಾರ್ಥನೆಯಲ್ಲಿ. ತನ್ನ ಪ್ರಾರ್ಥನೆ ಧೂಪದಂತೆಯೂ ತಾನು ಕೈಯೆತ್ತುವುದು ಸಂಜೆಯ ನೈವೇದ್ಯದಂತೆಯೂ ಇರಲಿ ಎಂದು ಬೇಡುವ 141ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿ, ಮೊಣಕೈಗಳನ್ನು ಪಕ್ಕೆಗೆ ಹತ್ತಿರವಿಟ್ಟುಕೊಂಡು, ಅಂಗೈ ಮೇಲ್ಮುಖವಾಗಿ, ಭುಜದ ಮಟ್ಟವನ್ನು ಮೀರದಂತೆ ಎತ್ತುತ್ತೇನೆ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಉತ್ತರ ಆಫ್ರಿಕದ ಕಾರ್ಥೇಜಿನ ಕ್ರೈಸ್ತ ಲೇಖಕ ಟರ್ಟುಲಿಯನ್ ಕೂಡ ಕೈಗಳನ್ನು ಬಹಳ ಮೇಲಕ್ಕೆತ್ತದೆ ವಿನಯದಿಂದ ಎತ್ತಬೇಕೆಂದು ಬರೆದಿದ್ದಾನೆಂಬುದನ್ನು ನಾನು ತಿಳಿದದ್ದು ಆಮೇಲೆ. ಕಬ್ಬಿನ ಗರಿ ಗೀರಿದ ಗಾಯಗಳು, ಗುದ್ದಲಿ ಹಿಡಿದು ದಡ್ಡುಗಟ್ಟಿದ ಬೆರಳಬುಡ, ಎಷ್ಟು ತೊಳೆದರೂ ಉಗುರಂಚಿನಲ್ಲಿ ಉಳಿಯುವ ಮಣ್ಣು, ಇವೆಲ್ಲ ಕಣ್ಣೆದುರಿಗೇ ಇರುವಾಗ, ಆ ದಿನ ಈ ಕೈಗಳು ಏನು ಮಾಡಿದವು ಎಂಬುದನ್ನು ದೇವರಿಂದ ಮರೆಸಲು ಮನಸ್ಸು ಬರುವುದಿಲ್ಲ.

ಈ ಆಚರಣೆಯ ತಿರುಳು ನನಗೆ ಕಂಡದ್ದು ಅಲ್ಲಿಯೇ. ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ ಎರಡನೆಯ ಅಧ್ಯಾಯದಲ್ಲಿ, ಕೋಪವೂ ವಿವಾದವೂ ಇಲ್ಲದೆ ಪರಿಶುದ್ಧವಾದ ಕೈಗಳನ್ನೆತ್ತಿ ಪ್ರಾರ್ಥಿಸಬೇಕೆಂದು ಹೇಳುತ್ತಾನೆ. ಕೈಯೆತ್ತಿದರೂ ದೇವರು ಮುಖ ತಿರುಗಿಸಿಕೊಳ್ಳಬಹುದೆಂಬ ಎಚ್ಚರಿಕೆ ಯೆಶಾಯನ ಮೊದಲ ಅಧ್ಯಾಯದಲ್ಲಿದೆ. ಆ ಕೈಗಳು ರಕ್ತಮಯವಾಗಿದ್ದವು ಎಂಬುದೇ ಅದಕ್ಕೆ ಕಾರಣ. ಕೈಯೆತ್ತುವುದು ಭಾವೋದ್ವೇಗದ ಗುರುತು ಎಂದು ಹಲವರು ತಿಳಿಯುತ್ತಾರೆ. ನನ್ನ ಪಾಲಿಗೆ ಅದು ಮೊದಲು ಲೆಕ್ಕ ಒಪ್ಪಿಸುವ ಕ್ರಿಯೆ. ಬೇಸಿಗೆಯಲ್ಲಿ ನಾಲೆಯ ನೀರಿನ ಸರದಿಯ ವಿಷಯಕ್ಕೆ ದಾಯಾದಿಗಳ ನಡುವೆ ಮಾತು ಬೆಳೆಯುವುದು ನಮ್ಮ ಊರುಗಳಲ್ಲಿ ಹೊಸತೇನಲ್ಲ. ಅಂಥ ದಿನ ನಾನು ಕೈಯೆತ್ತುವ ಮೊದಲು ಫೋನು ಮಾಡುತ್ತೇನೆ, ಇಲ್ಲವೇ ಗದ್ದೆಯ ಬದುವಿನ ತನಕ ನಡೆದುಹೋಗಿ ಮಾತಾಡಿಸಿ ಬರುತ್ತೇನೆ. ಆಚೆಯವರು ಮಾತಾಡದಿದ್ದರೂ ನನ್ನ ಕಡೆಯ ಗಂಟನ್ನು ಬಿಚ್ಚಿದ ಮೇಲೆಯೇ ಪ್ರಾರ್ಥನೆಗೆ ನಿಲ್ಲುತ್ತೇನೆ. ಇದನ್ನು ಪಾಲಿಸುವುದು ಕೈಯೆತ್ತುವುದಕ್ಕಿಂತ ಬಹಳ ಕಷ್ಟ.

ಇನ್ನೊಬ್ಬರಿಗಾಗಿ ಬೇಡುವಾಗ ಇದರ ಮತ್ತೊಂದು ಮುಖ ಕಾಣುತ್ತದೆ. ಕೈಯೆತ್ತಿ ನಿಂತ ಕೆಲವೇ ನಿಮಿಷಗಳಲ್ಲಿ ತೋಳು ಭಾರವಾಗುತ್ತದೆ. ಅಮಾಲೇಕ್ಯರೊಡನೆ ಇಸ್ರಾಯೇಲ್ಯರ ಯುದ್ಧ ನಡೆದಾಗ, ತನ್ನ ಜನರ ಗೆಲುವಿಗಾಗಿ ಎತ್ತಿ ಹಿಡಿದಿದ್ದ ಮೋಶೆಯ ಕೈಗಳೂ ಸೋತವು. ಅವನನ್ನು ಕಲ್ಲಿನ ಮೇಲೆ ಕೂರಿಸಿ, ಆರೋನನೂ ಹೂರನೂ ಆಚೆಯೀಚೆ ನಿಂತು ಸೂರ್ಯ ಮುಳುಗುವವರೆಗೂ ಆ ಕೈಗಳನ್ನು ಹಿಡಿದರು. ಆದುದರಿಂದ ರೋಗಿಗಳಿಗಾಗಿ ಪ್ರಾರ್ಥಿಸುವಾಗ ನಾನು ಒಬ್ಬನೇ ಕೂರುವುದಿಲ್ಲ, ಮನೆಕೂಟದ ಇಬ್ಬರನ್ನಾದರೂ ಜೊತೆಗೆ ಕರೆದುಕೊಳ್ಳುತ್ತೇನೆ.

ಆ ಕೂಟದಲ್ಲಿ ಭುಜ ಹಿಡಿದುಕೊಂಡಿರುವ ವೃದ್ಧೆಯೊಬ್ಬರಿದ್ದಾರೆ. "ಮಗಾ, ನನ್ ಕೈ ಮ್ಯಾಕೆ ಏಳಾಕಿಲ್ವಲ್ಲ, ಕರ್ತನಿಗೆ ಬೇಸ್ರ ಆಯ್ತದಾ?" ಎಂದು ಅವರು ಒಮ್ಮೆ ಕೇಳಿದರು. "ಇಲ್ಲ ಕಣವ್ವ" ಎಂದು ಹೇಳಿ ಪ್ರಲಾಪಗಳ ಮೂರನೆಯ ಅಧ್ಯಾಯವನ್ನು ಓದಿ ತೋರಿಸಿದೆ. ಕೈಗಳೊಂದಿಗೆ ಹೃದಯವನ್ನೂ ಎತ್ತೋಣ ಎಂದು ಅಲ್ಲಿದೆ. ಅವರು ಅಂಗೈಗಳನ್ನು ಮಡಿಲಲ್ಲಿ ತೆರೆದಿಟ್ಟುಕೊಂಡು ಪ್ರಾರ್ಥಿಸುತ್ತಾರೆ. ಕೂಟ ನಡೆಸುವಾಗ "ಎಲ್ಲರೂ ಕೈಯೆತ್ತಿ" ಎಂದು ನಾನು ಆಜ್ಞಾಪಿಸುವುದಿಲ್ಲ. ಯಾರಾದರೂ ಕಾರಣ ಕೇಳಿದರೆ ಪೌಲನ ಆ ವಚನವನ್ನು ಮೊದಲು ಓದಿಸುತ್ತೇನೆ, ಮನಸ್ತಾಪವಿರುವವರ ಹೆಸರನ್ನು ಮನಸ್ಸಿಗೆ ತಂದುಕೊಳ್ಳಲು ಹೇಳುತ್ತೇನೆ. ಕೈಯೆತ್ತುವುದೋ ಮುಗಿಯುವುದೋ ಎಂಬುದನ್ನು ಅವರವರಿಗೇ ಬಿಡುತ್ತೇನೆ.