ಗ್ರೀನ್ ಎಚ್‌ಆರ್ ಶುರು ಮಾಡೋದು ಹೇಗೆ, ಪರ್ಫಾರ್ಮೆನ್ಸ್ ಕೆಡದ ಹಾಗೆ

ಗ್ರೀನ್ ಎಚ್‌ಆರ್ ಅಂದ್ರೆ ಗಿಡ ನೆಟ್ಟು ಫೋಟೋ ತೆಗೆಸ್ಕೊಳ್ಳೋದಲ್ಲ, ನೇಮಕಾತಿ, ಟ್ರೈನಿಂಗ್, ಅಪ್ರೈಸಲ್, ಬೋನಸ್ ಇವುಗಳ ಒಳಗೇ ಪರಿಸರದ ವಿಷಯ ತರೋದು.

ಮೊದಲು ಕರೆಂಟು, ಪೇಪರ್, ಕಸ, ಓಡಾಟ ಎಲ್ಲದರ ಈಗಿನ ಲೆಕ್ಕ ಬರೆದಿಟ್ಕೊಳ್ಳಿ, ಇಲ್ಲಾಂದ್ರೆ ಆಮೇಲೆ ಏನು ಕಮ್ಮಿಯಾಯ್ತು ಅಂತ ಹೇಳೋಕೇ ಆಗಲ್ಲ.

ಟ್ರೈನಿಂಗಲ್ಲಿ ಎಲ್ಲರಿಗೂ ಒಂದೇ ಭಾಷಣ ಬೇಡ. ಪರ್ಚೇಸ್‌ನವರಿಗೆ ಪ್ಯಾಕಿಂಗ್ ಬಗ್ಗೆ, ಮೆಷಿನ್ ನೋಡ್ಕೊಳ್ಳೋರಿಗೆ ಸುಮ್ನೆ ಓಡೋ ಮೆಷಿನ್ ಯಾವಾಗ ಆಫ್ ಮಾಡ್ಬೇಕು ಅನ್ನೋದರ ಬಗ್ಗೆ ಹೇಳಿ. ಕಂಪನಿಗಳು ಪರಿಸರದ ವಿಷಯ ಹೇಗೆ ನೋಡ್ಕೊಳ್ಬೇಕು ಅನ್ನೋ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 14001ರ 2015ರ ಆವೃತ್ತೀಲೂ ಸಾಮರ್ಥ್ಯ ಬೇರೆ, ಅರಿವು ಬೇರೆ ಅಂತ ಎರಡನ್ನೂ ಕೇಳ್ತಾರೆ.

ನಿಜವಾದ ಕಷ್ಟ ಇರೋದು ಅಪ್ರೈಸಲ್‌ನಲ್ಲಿ. ನೌಕರರ ಕೈಲಿ ಇಲ್ಲದ್ದಕ್ಕೆ ಟಾರ್ಗೆಟ್ ಕೊಡಲೇಬೇಡಿ, ಬಿಲ್ಡಿಂಗ್ ಎಸಿ ಹೇಗೆ ಓಡುತ್ತೆ ಅನ್ನೋದಕ್ಕೆ ಅಕೌಂಟ್ಸ್‌ನವರ ಮಾರ್ಕ್ ಕಡಿಯೋದು ಅನ್ಯಾಯ, ಅಂಥದ್ದು ಮಾಡಿದ್ರೆ ಜನ ಅಂಕಿ ಮುಚ್ಚಿಡೋಕೆ ಶುರು ಮಾಡ್ತಾರೆ. ಒಂದೋ ಎರಡೋ ಗುರಿ ಸಾಕು, ಅದೂ ಟೀಮ್ ಮಟ್ಟದಲ್ಲಿ, ಮತ್ತೆ ಅದನ್ನ ಮಾಡೋಕೆ ಕೆಲಸದ ಟೈಮಲ್ಲೇ ಅವಕಾಶ ಕೊಡಿ. ಸಾಮರ್ಥ್ಯ, ಹುಮ್ಮಸ್ಸು, ಅವಕಾಶ ಈ ಮೂರೂ ಸೇರಿದ್ರೇನೇ ಕೆಲಸ ಚೆನ್ನಾಗಾಗೋದು, ಮ್ಯಾನೇಜ್‌ಮೆಂಟ್ ಓದಿದವರು ಇದನ್ನ ಎಎಂಒ (ಎಬಿಲಿಟಿ, ಮೋಟಿವೇಶನ್, ಆಪರ್ಚುನಿಟಿ) ಅಂತಾರೆ.

ಯಾರಾದ್ರೂ ಸಲಹೆ ಕೊಟ್ರೆ ಬೇಗ ಉತ್ತರ ಕೊಡಿ, ಆಗಲ್ಲ ಅಂತಾದ್ರೆ ಯಾಕೆ ಅಂತಾನೂ ಹೇಳಿ. ಕೊನೇಗೆ ಕರೆಂಟ್ ಬಿಲ್ ಪಕ್ಕದಲ್ಲೇ ಕೆಲಸದ ತಪ್ಪುಗಳು, ರಜೆ, ಕೆಲಸ ಬಿಟ್ಟು ಹೋದವರ ಸಂಖ್ಯೆ ಇಟ್ಟು ನೋಡಿ. ಬಿಲ್ ಇಳಿದು ಇವು ಏರಿದ್ರೆ ಆ ಹೊರೆ ನೌಕರರ ಮೇಲೆ ಬಿದ್ದಿರಬಹುದು, ಅವರ ಹತ್ರ ಕೂತು ಕೇಳಿ ಗುರಿ ಬದಲಾಯಿಸಿ.