ಅಡಿಕೆ ಚೊಗರಿನ ಅಂಗಿ: ನನ್ನ ಅನುಭವ

ನನಗೆ ಬೇಕಿದ್ದದ್ದು ಒಂದು ಸಾದಾ ಅಂಗಿ. ಮೈಗೆ ಅಂಟಬಾರದು, ಎದೆ ಮೇಲೆ ಕುದುರೆ, ಮೊಸಳೆ ಅಂತ ಕಂಪನಿ ಗುರುತು ಇರಬಾರದು, ಬೆಂಗಳೂರಿನ ಬಸ್ಸಿನಲ್ಲಿ ಬೆವರಿದರೆ ಗಾಳಿ ಆಡಬೇಕು. ದೊಡ್ಡ ಶೋರೂಮುಗಳನ್ನು ಸುತ್ತಿ ಸಾಕಾಗಿತ್ತು. ಅಷ್ಟರಲ್ಲಿ ಸಾಗರದ ಕಡೆಯ ಗೆಳೆಯನೊಬ್ಬ ಇಟ್ಟಿಗೆ ಬಣ್ಣದ ಅರ್ಧ ತೋಳಿನ ಅಂಗಿ ಹಾಕಿಕೊಂಡು ಬಂದ. ಕೇಳಿದರೆ, "ಅಡಿಕೆ ಚೊಗರಿನ ಬಣ್ಣ ಮಾರಾಯ, ಚರಕದ್ದು" ಅಂದ.

ಚರಕ ಇರುವುದು ಸಾಗರ ತಾಲ್ಲೂಕಿನ ಹೆಗ್ಗೋಡಿನ ಹತ್ತಿರದ ಭೀಮನಕೋಣೆಯಲ್ಲಿ. ರಂಗಕರ್ಮಿ ಪ್ರಸನ್ನ ಮುಂದೆ ನಿಂತು ಕಟ್ಟಿದ ಸಹಕಾರ ಸಂಘ ಅದು. ದುಡಿಯುವವರಲ್ಲಿ ಹೆಂಗಸರೇ ಜಾಸ್ತಿ. ಅಲ್ಲಿನ ಕೈಮಗ್ಗದ ಬಟ್ಟೆ 'ದೇಸಿ' ಅಂಗಡಿಗಳಿಗೆ ಬರುತ್ತದೆ. ಇನ್ನು ಚೊಗರು ಅಂದರೆ ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ನೀರು. ಬಟ್ಟೆಗೆ ಬಿದ್ದರೆ ಜಪ್ಪಯ್ಯ ಅಂದರೂ ಕಲೆ ಹೋಗುವುದಿಲ್ಲ ಅಂತ ಮಲೆನಾಡಿನವರಿಗೆ ಗೊತ್ತು. ಆ ಕಲೆಯನ್ನೇ ಇವರು ಬಣ್ಣ ಮಾಡಿಕೊಂಡಿದ್ದಾರೆ!

ಅಂಗಡಿಗೆ ಹೋದರೆ ನಾನು ಮೊದಲು ಅಂಗಿಯ ಒಳಮಗ್ಗುಲು ತಿರುಗಿಸಿ ನೋಡುತ್ತೇನೆ. ನೂಲಿಗೇ ಬಣ್ಣ ಹಾಕಿ ನೇಯ್ದ ಗೆರೆ, ಚೌಕಳಿ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಮೇಲಿಂದ ಅಚ್ಚು ಹಾಕಿದ್ದಾದರೆ ಹಿಂದೆ ಮಂಕು. ಆಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತೇನೆ. ಅಲ್ಲೊಂದು ಇಲ್ಲೊಂದು ಎಳೆ ದಪ್ಪ ಇದ್ದರೆ ಅದನ್ನು ದೋಷ ಅಂತ ಎಣಿಸುವುದಿಲ್ಲ. ಹೊಲಿಗೆ ಮಾತ್ರ ಬಿಗಿಯಾಗಿರಬೇಕು, ಕಂಕುಳ ಹತ್ತಿರ ಎಳೆದು ನೋಡಿಯೇ ತಗೊಳ್ಳುವುದು. ಕೈಮಗ್ಗದ ಹತ್ತಿ ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ, ಹಾಗಾಗಿ ಒಂದು ಸೈಜ್ ದೊಡ್ಡದೇ ಒಳ್ಳೆಯದು.

ಒಗೆಯುವುದರಲ್ಲಿ ಸ್ವಲ್ಪ ನಾಜೂಕು ಬೇಕು. ಬೇರೆಯಾಗಿ, ತಣ್ಣೀರಿನಲ್ಲಿ ಒಗೆದು ನೆರಳಲ್ಲಿ ಒಣಗಿಸುತ್ತೇನೆ. ಅಂಟುವಾಳಕಾಯಿ ನೊರೆ ಇದ್ದರೆ ಇನ್ನೂ ಒಳ್ಳೆಯದು. ತುಕ್ಕು ಹಿಡಿದ ತಂತಿ ಮೇಲೆ ಮಾತ್ರ ಹರವಲೇಬಾರದು. ಚೊಗರಿನ ಒಗರಿಗೆ ಕಬ್ಬಿಣ ತಾಗಿದರೆ ಕಪ್ಪು ಗೆರೆ ಬೀಳುತ್ತದೆ, ಮತ್ತೆ ಹೋಗುವುದಿಲ್ಲ. ನಾನಂತೂ ಈ ಅಂಗಿಗಳಿಗಾಗಿಯೇ ಬಾಲ್ಕನಿಯಲ್ಲಿ ನೈಲಾನ್ ಹಗ್ಗ ಕಟ್ಟಿಸಿದೆ. ಮನೆಯವಳು ನಕ್ಕಳು, ನಗಲಿ.

ತೊಂದರೆಯೂ ಇದೆ. ಹೋದ ಸಲ ನೋಡಿದ ಬಣ್ಣ ಈ ಸಲ ಇರುವುದಿಲ್ಲ. ಇದ್ದರೂ ಅದೇ ಛಾಯೆ ಬರುವುದಿಲ್ಲ, ಒಂದೊಂದು ಹಂಡೆಗೂ ಒಂದೊಂದು ರಂಗು. ಕಾಲರ್ ಕಡಕ್ಕಾಗಿ ನಿಲ್ಲುವುದಿಲ್ಲ, ಟೈ ಕಟ್ಟುವವರಿಗೆ ಇದು ಆಗಿಬರಲ್ಲ. ಇಂಥ ಸಣ್ಣ ಸಂಸ್ಥೆಗಳ ಕೈಯಲ್ಲಿ ಹೆಚ್ಚು ದುಡ್ಡೂ ಇರುವುದಿಲ್ಲ. 2020ರಲ್ಲಿ ಕೋವಿಡ್ ಹೊತ್ತಿಗೆ ಮಾಲು ಮಾರಾಟವಾಗದೆ ಚರಕ ದೊಡ್ಡ ಸಂಕಷ್ಟಕ್ಕೆ ಸಿಕ್ಕಿತ್ತು. ಅದಕ್ಕೇ ನಾನು ರಿಯಾಯಿತಿ ಬರಲಿ ಅಂತ ಕಾಯುವುದಿಲ್ಲ. ಅಳತೆ ಸರಿಯಾಗಿ, ಬಣ್ಣ ಹಿಡಿಸಿದರೆ ಅವತ್ತೇ ತಗೊಂಡು ಬರುತ್ತೇನೆ.